ಬಿಚ್ಚಿ ಜೋಡಿಸುವ ಬಿಲ್ಲಿನ ತೋಳುಗಳು: ಹಳತು ಮತ್ತು ಹೊಸತು

ತುಳುನಾಡಿಗೆ ಬಿಲ್ಲು ಹೊಸ ವಸ್ತುವಲ್ಲ. ಬಿಲ್ಲವರೆಂಬ ಹೆಸರಿನಲ್ಲಿ ಬಿಲ್ಲನ್ನು ಕಾಣುವ ವ್ಯುತ್ಪತ್ತಿಯೊಂದು ಇಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಆದರೆ ಇಂದು ಕ್ರೀಡಾಂಗಣದಲ್ಲಿ ಕಾಣಬರುವ ಬಿಲ್ಲಿಗೂ ಹಿಂದಿನವರ ಬಿದಿರುಬಿಲ್ಲಿಗೂ ಇರುವ ಅಂತರ ದೊಡ್ಡದು. ಇಂದಿನದು ಒಂದೇ ದಂಡವಲ್ಲ. ನಡುವೆ ಲೋಹದ ಹಿಡಿ, ಅದಕ್ಕೆ ಮೇಲೊಂದು ಕೆಳಗೊಂದು ಬಾಗುವ ತೋಳು. ಹಿಡಿಯನ್ನು ಆಟಗಾರರು ರೈಸರ್ ಎಂದೂ ತೋಳನ್ನು ಲಿಂಬ್ ಎಂದೂ ಕರೆಯುತ್ತಾರೆ. ತೋಳುಗಳ ತುದಿಯು ಬಿಲ್ಗಾರನಿಗೆ ವಿಮುಖವಾಗಿ ಮರಳಿ ಬಾಗಿರುವುದರಿಂದ ಇಂತಹ ಬಿಲ್ಲಿಗೆ ರಿಕರ್ವ್ ಎಂಬ ಹೆಸರು.

ಕಳೆದ ವರ್ಷ ಕಾವೂರಿನಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಇಂತಹ ತೋಳುಗಳ ಒಂದು ಹಳೆಯ ಜೊತೆಯನ್ನು ನಮ್ಮಲ್ಲಿಗೆ ತಂದಳು. ಅವಳ ಸೋದರಮಾವ ಹಲವು ವರ್ಷಗಳ ಹಿಂದೆ ಬಳಸಿ ಅಟ್ಟದ ಮೇಲೆ ಇರಿಸಿದ್ದವು ಅವು. ಹಳೆಯ ತೋಳಿನಿಂದ ಬಿಲ್ವಿದ್ಯೆ ಸಾಗದು, ಹೊಸತನ್ನು ಕೊಳ್ಳಬೇಕು ಎಂದು ಯಾರೋ ಅವಳಿಗೆ ಹೇಳಿದ್ದರು. ಹೊಸತರ ಬೆಲೆ ಮನೆಯವರ ಕೈಗೆ ಎಟುಕುವಂತಿರಲಿಲ್ಲ. ಅಭ್ಯಾಸವನ್ನೇ ಬಿಡುವ ಯೋಚನೆಯಲ್ಲಿ ಅವಳಿದ್ದಳು. 'ಈ ತೋಳುಗಳಿಂದ ನನಗೆ ಎಷ್ಟು ನಷ್ಟ ಸರ್?' ಎಂಬುದಷ್ಟೇ ಅವಳ ಪ್ರಶ್ನೆ. ಪ್ರಶ್ನೆ ಚಿಕ್ಕದು; ಆದರೆ ಅದಕ್ಕೆ ಅಂಕೆಗಳಲ್ಲಿ ಉತ್ತರ ಹೇಳಹೊರಟಾಗ ಬಿಲ್ಲಿನ ಭೌತಶಾಸ್ತ್ರದ ಬಹುಭಾಗವನ್ನು ಮುಟ್ಟಬೇಕಾಯಿತು. ಆ ವಿವೇಚನೆಯನ್ನೇ ಇಲ್ಲಿ ಸಂಗ್ರಹವಾಗಿ ವಾಚಕರ ಮುಂದೆ ಇಡುತ್ತೇವೆ.

ತೋಳಿನ ದ್ರವ್ಯ: ಪೂರ್ವವೃತ್ತಾಂತ

ಯಾವ ದ್ರವ್ಯದಿಂದ ಬಿಲ್ಲನ್ನು ಮಾಡಬೇಕೆಂಬ ವಿಚಾರ ನಮ್ಮ ದೇಶದಲ್ಲಿ ಪುರಾತನವಾದುದು. ಕೌಟಿಲ್ಯನ ಅರ್ಥಶಾಸ್ತ್ರವು ತಾಳೆಯ ಮರ, ಬಿದಿರು, ಇತರ ಮರ, ಕೊಂಬು ಎಂದು ನಾಲ್ಕು ಬಗೆಯ ಬಿಲ್ಲುಗಳನ್ನು ಹೆಸರಿಸುತ್ತದೆ. ಇವುಗಳಲ್ಲಿ ಕೊಂಬಿನ ಬಿಲ್ಲಿನ ಜಾತಿಗೆ ಸೇರಿದುದು ಮಧ್ಯ ಏಷ್ಯದಲ್ಲಿಯೂ ಮೊಗಲರ ಸೈನ್ಯದಲ್ಲಿಯೂ ಮೆರೆದ ಸಂಯುಕ್ತ ಬಿಲ್ಲು. ಅದರ ಒಳಮೈಯಲ್ಲಿ ಕೊಂಬು, ನಡುವೆ ಮರ, ಹೊರಮೈಯಲ್ಲಿ ಸ್ನಾಯುವಿನ ಎಳೆ. ಮೂರನ್ನೂ ಕೂಡಿಸುವುದು ಪ್ರಾಣಿಜನ್ಯವಾದ ಅಂಟು. ಬಾಗಿದಾಗ ಒಳಮೈ ಒತ್ತಡಕ್ಕೂ ಹೊರಮೈ ಎಳೆತಕ್ಕೂ ಗುರಿಯಾಗುವುದರಿಂದ, ಒತ್ತಡವನ್ನು ತಾಳುವ ಕೊಂಬನ್ನು ಒಳಗೂ ಎಳೆತವನ್ನು ತಾಳುವ ಸ್ನಾಯುವನ್ನು ಹೊರಗೂ ಇಟ್ಟ ಈ ಯೋಜನೆ ಅತ್ಯಂತ ಜಾಣ್ಮೆಯದು. ಆದರೆ ಮಳೆಗಾಲದ ತೇವದಲ್ಲಿ ಆ ಅಂಟು ಮೆದುವಾಗುತ್ತದೆ, ಬಿಲ್ಲು ಸತ್ತ್ವಗೆಡುತ್ತದೆ.

ಈ ದೋಷವನ್ನು ಅರಿತ ಭಾರತದ ಕಮ್ಮಾರರು ಉಕ್ಕಿನಿಂದ ಬಿಲ್ಲುಗಳನ್ನು ಮಾಡಿದರು. ಉಕ್ಕಿಗೆ ಅಂಟಿನ ಹಂಗಿಲ್ಲ. ಆಯುಧಾಗಾರದಲ್ಲಿ ವರ್ಷಗಟ್ಟಲೆ ಇಟ್ಟರೂ ಬಿಲ್ಲು ಸಿದ್ಧವಾಗಿರುತ್ತದೆ. ಇವುಗಳಲ್ಲಿ ಕೆಲವು ಹಿಡಿಯ ನಡುವೆ ತಿರುಪಿನಿಂದ ಬಿಚ್ಚಿ ಎರಡು ತುಂಡಾಗುವಂತಹವು. ಬಿಚ್ಚಿ ಜೋಡಿಸುವ ಬಿಲ್ಲಿನ ಕಲ್ಪನೆ ನಮ್ಮ ದೇಶಕ್ಕೆ ಹೊಸತಲ್ಲವೆಂಬುದಕ್ಕೆ ಅವೇ ಸಾಕ್ಷಿ. ಆದರೆ ಉಕ್ಕಿನ ತೋಳು ಭಾರವಾದುದು. ಬಿಲ್ಲು ತನ್ನ ತೋಳನ್ನೇ ಚಲಿಸುವುದರಲ್ಲಿ ಶಕ್ತಿಯ ಹೆಚ್ಚು ಭಾಗವನ್ನು ಕಳೆದುಕೊಂಡರೆ ಬಾಣದ ಪಾಲಿಗೆ ಉಳಿಯುವುದು ಅಷ್ಟು ಕಡಿಮೆ. ಅಂತೂ ಹಗುರವಾದ ತೋಳು ತೇವಕ್ಕೆ ಸೋಲುತ್ತಿತ್ತು, ತೇವವನ್ನು ಗೆದ್ದ ತೋಳು ಭಾರವಾಗಿತ್ತು.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಗಾಜಿನ ಎಳೆಯ ಪದರಗಳೂ ಎಪಾಕ್ಸಿ ಜಾತಿಯ ಕೃತಕ ಅಂಟುಗಳೂ ಬಳಕೆಗೆ ಬಂದ ಮೇಲೆ ಈ ಇಕ್ಕಟ್ಟು ಬಹುಮಟ್ಟಿಗೆ ತೊಲಗಿತು. ಮರದ ತಿರುಳು, ಅದರ ಎರಡು ಮೈಗಳಿಗೂ ಗಾಜಿನ ಎಳೆಯ ಪದರ, ಇದೇ ನಾವು ಇಲ್ಲಿ ಹಳೆಯ ತೋಳೆಂದು ಕರೆಯುವುದರ ರಚನೆ. 1920ರ ತರುವಾಯ ನಿಂತುಹೋಗಿದ್ದ ಬಿಲ್ವಿದ್ಯೆಯು 1972ರ ಮ್ಯೂನಿಕ್ ಒಲಿಂಪಿಕ್ ಕ್ರೀಡೆಗಳಲ್ಲಿ ಮರಳಿ ಸೇರಿದಾಗ ರಿಕರ್ವ್ ಬಿಲ್ಲಿಗೆ ಲೋಕದ ಮನ್ನಣೆ ದೊರೆಯಿತು. ಭಾರತದ ಬಿಲ್ಗಾರರು 1988ರಲ್ಲಿ ಸಿಯೋಲಿನ ಕ್ರೀಡೆಗಳಲ್ಲಿ ಮೊದಲ ಬಾರಿ ಭಾಗವಹಿಸಿದರು. ಅನಂತರದ ತೋಳುಗಳಲ್ಲಿ ಗಾಜಿನ ಎಳೆಯ ಜೊತೆಗೆ, ಕೆಲವೆಡೆ ಅದಕ್ಕೆ ಬದಲಾಗಿ, ಕಾರ್ಬನ್ ಎಳೆಯೂ, ಮರದ ತಿರುಳಿಗೆ ಬದಲಾಗಿ ಹಗುರವಾದ ಫೋಮ್ ತಿರುಳೂ ಬಂದಿವೆ. ಇವೇ ಹೊಸ ತೋಳುಗಳು.

ಮೊದಲ ಪರೀಕ್ಷೆ: ಹೊಂದಿಕೆ

ಹಳೆಯ ತೋಳನ್ನು ಕುರಿತು ಮೊದಲು ಕೇಳಬೇಕಾದುದು ಅದರ ವಯಸ್ಸನ್ನಲ್ಲ, ಅದು ಕೈಯಲ್ಲಿರುವ ಹಿಡಿಗೆ ಹೊಂದುವುದೇ ಎಂಬುದನ್ನು. 1980ರ ದಶಕದಲ್ಲಿ ಅಮೆರಿಕದ ಹಾಯ್ಟ್ ಸಂಸ್ಥೆಯ ಬಿಲ್ಲುಗಳಿಂದ ಹೊರಟು ಈಗ ಹಲವು ತಯಾರಕರಿಗೆ ಸಾಮಾನ್ಯವಾಗಿರುವ ಜೋಡಣೆಯೊಂದುಂಟು, ಅದಕ್ಕೆ ಐ.ಎಲ್.ಎಫ್. ಎಂದು ಹೆಸರು. ತೋಳಿನ ಬುಡದಲ್ಲಿರುವ ಕವಲು ಹಿಡಿಯ ತಿರುಪಿನ ಕೆಳಗೆ ಸೇರುತ್ತದೆ. ಬುಡದ ಗುಂಡಿಯು ಹಿಡಿಯ ಗಾಡಿಯಲ್ಲಿ ಕುಳಿತುಕೊಳ್ಳುತ್ತದೆ. ಈ ಜೋಡಣೆಯುಳ್ಳ ಮೂವತ್ತು ವರ್ಷ ಹಿಂದಿನ ತೋಳನ್ನು ಇಂದಿನ ಹಿಡಿಗೆ ಸಾಮಾನ್ಯವಾಗಿ ಜೋಡಿಸಬಹುದು. ಆದರೆ ಅದೇ ಸಂಸ್ಥೆಯ ಫಾರ್ಮುಲಾ ಎಂಬ ಜೋಡಣೆ ಇದಕ್ಕೆ ಹೊಂದದು. ಬರಿಯ ತಿರುಪಿನಿಂದ ಬಿಗಿಯುವ ಮರದ ಬಿಲ್ಲುಗಳ ತೋಳುಗಳೂ ಹೊಂದವು.

ಎರಡನೆಯದು, ತೋಳಿನ ಮೇಲೆ ಬರೆದಿರುವ ತೂಕ. ಹೆದೆಯನ್ನು ನಿಯತವಾದ 28 ಅಂಗುಲದ ಅಳತೆಗೆ ಸೆಳೆದಾಗ ಬೆರಳಿಗೆ ಬೀಳುವ ಬಲವನ್ನು ಅದು ಪೌಂಡುಗಳಲ್ಲಿ ಸೂಚಿಸುತ್ತದೆ. ಬಿಲ್ಗಾರನ ಸೆಳೆತ ಅದಕ್ಕಿಂತ ಒಂದಂಗುಲ ಕಡಿಮೆಯಾದರೆ ಬಲವು ಸ್ಥೂಲವಾಗಿ 2 ಪೌಂಡು ಇಳಿಯುತ್ತದೆ. 25 ಅಂಗುಲದ ಹಿಡಿಗೆಂದು ಗುರುತು ಹಾಕಿದ ತೋಳನ್ನು 23 ಅಂಗುಲದ ಹಿಡಿಗೆ ಸೇರಿಸಿದರೆ ಸುಮಾರು 2 ಪೌಂಡು ಏರುತ್ತದೆ. ಹಿಡಿಯ ತಿರುಪುಗಳಿಂದಲೂ ಕೊಂಚ ಏರಿಳಿತವನ್ನು ಸಾಧಿಸಬಹುದು. ಆದುದರಿಂದ 'ಹಳೆಯ ತೋಳು ಸೋತಿದೆ' ಎಂಬ ದೂರು ಎಷ್ಟೋ ಸಲ ತೋಳಿನ ದೋಷವಾಗಿರದೆ ಅಳತೆಯ ತಪ್ಪು ತಿಳಿವಳಿಕೆಯಾಗಿರುತ್ತದೆ. ಬರೆಹವನ್ನು ನಂಬದೆ ಸ್ಪ್ರಿಂಗ್ ತ್ರಾಸನ್ನು ನಂಬುವುದು ಲೇಸು.

ಶಕ್ತಿಯ ಲೆಕ್ಕ

ಬಿಲ್ಲು ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಬಿಲ್ಗಾರನ ತೋಳ್ಬಲವನ್ನು ಮೆಲ್ಲಗೆ ಕೂಡಿಟ್ಟು ಥಟ್ಟನೆ ಬಾಣಕ್ಕೆ ಒಪ್ಪಿಸುತ್ತದೆ. ಒಂದು ಬಿಲ್ಲಿನ ಪೂರ್ಣ ಸೆಳೆತದ ಬಲ 40 ಪೌಂಡು, ಎಂದರೆ ಸುಮಾರು 178 ನ್ಯೂಟನ್, ಎಂದೂ ಹೆದೆಯು ಹಿಂದಕ್ಕೆ ಸರಿಯುವ ದೂರ 51 ಸೆಂಟಿಮೀಟರ್ ಎಂದೂ ಇಟ್ಟುಕೊಳ್ಳೋಣ. ಬಲವು ಸೊನ್ನೆಯಿಂದ ಸಮನಾಗಿ ಏರುತ್ತ ಹೋದರೆ ಕೂಡಿಟ್ಟ ಶಕ್ತಿ ಇವೆರಡರ ಗುಣಲಬ್ಧದ ಅರ್ಧ, ಸುಮಾರು 45 ಜೂಲ್.

ಈ 45 ಜೂಲ್ ಪೂರ್ತಿಯಾಗಿ ಬಾಣಕ್ಕೆ ದಕ್ಕುವುದಿಲ್ಲ. ಬಾಣದೊಡನೆ ಹೆದೆಯೂ ತೋಳಿನ ತುದಿಗಳೂ ಚಲಿಸಬೇಕಷ್ಟೆ. ಅವುಗಳ ಪಾಲನ್ನು ಬಾಣಕ್ಕೆ ಕೂಡಿಸಿದ ಒಂದು ಕಲ್ಪಿತ ದ್ರವ್ಯರಾಶಿಯೆಂದು ಎಣಿಸುವ ಕ್ರಮವನ್ನು ಅಮೆರಿಕದ ಭೌತವಿಜ್ಞಾನಿ ಕ್ಲಾಪ್‌ಸ್ಟೆಗ್ ಬಳಕೆಗೆ ತಂದರು. ಅವರೂ ಹಿಕ್‌ಮನ್, ನಾಗ್ಲರ್ ಎಂಬವರೂ ಬರೆದ ಲೇಖನಗಳು 1947ರಲ್ಲಿ ಒಂದು ಗ್ರಂಥವಾಗಿ ಹೊರಬಂದವು. ಬಿಲ್ಲಿನ ಗಣಿತಕ್ಕೆ ಅದು ಇಂದಿಗೂ ಆಧಾರ.

ಬಾಣದ ತೂಕ 20 ಗ್ರಾಂ ಎನ್ನೋಣ. ಹಳೆಯ ತೋಳಿನ ಕಲ್ಪಿತ ದ್ರವ್ಯರಾಶಿ 8 ಗ್ರಾಂ, ಹೊಸ ತೋಳಿನದು 6 ಗ್ರಾಂ ಎಂದು ಊಹಿಸೋಣ. ಇವು ಅಳೆದ ಅಂಕೆಗಳಲ್ಲ, ತತ್ತ್ವವನ್ನು ವಿಶದಪಡಿಸಲು ಆರಿಸಿಕೊಂಡವು. ಹಳೆಯದರಲ್ಲಿ 28 ಗ್ರಾಮಿಗೆ 45 ಜೂಲ್ ಹಂಚಿಹೋಗುವುದರಿಂದ ಬಾಣದ ವೇಗ ಸೆಕೆಂಡಿಗೆ 56.7 ಮೀಟರ್, ಹೊಸದರಲ್ಲಿ 58.8 ಮೀಟರ್. ಹೊಸತನದ ಲಾಭ ಸೆಕೆಂಡಿಗೆ 2 ಮೀಟರಿನಷ್ಟು.

ಒಲಿಂಪಿಕ್ ಪದ್ಧತಿಯ ಗುರಿಯು 70 ಮೀಟರ್ ದೂರದಲ್ಲಿರುತ್ತದೆ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕಹಾಕಿದರೆ ಆ ದೂರವನ್ನು ಕ್ರಮಿಸುವಷ್ಟರಲ್ಲಿ ಹಳೆಯ ತೋಳಿನ ಬಾಣವು ತಾನು ಹೊರಟ ರೇಖೆಯಿಂದ 7.5 ಮೀಟರ್ ಕೆಳಗಿಳಿಯುತ್ತದೆ, ಹೊಸದರದು ಸುಮಾರು 7 ಮೀಟರ್. ಅರ್ಧ ಮೀಟರಿನ ವ್ಯತ್ಯಾಸ ದೊಡ್ಡದೆಂದು ತೋರಬಹುದು. ಆದರೆ ಅದು ಪ್ರತಿಯೊಂದು ಬಾಣಕ್ಕೂ ಒಂದೇ ಆಗಿರುವುದರಿಂದ ಬಿಲ್ಲಿನ ಗುರಿಕಡ್ಡಿಯನ್ನು ಒಮ್ಮೆ ಸರಿಸಿದರೆ ತೀರಿತು. ಮಂದಗತಿಯ ಬಾಣವೂ ಗುರಿಯ ನಡುವಿಗೇ ಬೀಳುತ್ತದೆ.

ವೇಗವೋ, ಏಕರೂಪತೆಯೋ?

ಗುರಿಕಡ್ಡಿಯಿಂದ ಸರಿಪಡಿಸಲಾಗದ ಒಂದು ದೋಷವಿದೆ: ಒಂದು ಬಾಣದಿಂದ ಇನ್ನೊಂದಕ್ಕೆ ವೇಗ ಬದಲಾಗುವುದು. ವೇಗವು ಸೆಕೆಂಡಿಗೆ ಅರ್ಧ ಮೀಟರಿನಷ್ಟು ತಗ್ಗಿತೆನ್ನೋಣ. ಮೇಲಿನ ಲೆಕ್ಕದಂತೆ ಹಳೆಯ ತೋಳಿನ ಬಾಣ 70 ಮೀಟರಿನಲ್ಲಿ ಸುಮಾರು 13 ಸೆಂಟಿಮೀಟರ್ ಕೆಳಗೆ ನಾಟುತ್ತದೆ. ಹೊಸ ತೋಳಿನದು ಸುಮಾರು 12 ಸೆಂಟಿಮೀಟರ್. 122 ಸೆಂಟಿಮೀಟರಿನ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 12.2 ಸೆಂಟಿಮೀಟರ್, ನಡುವಿನಿಂದ ಅಂಚಿಗೆ 6.1. ಎರಡು ಬಾಣಗಳೂ ಹತ್ತರ ವೃತ್ತವನ್ನು ಬಿಟ್ಟು ಹೊರಗೆ ಹೋದವು. ಹೊಸತನವು ಇಲ್ಲಿ ಉಳಿಸಿಕೊಟ್ಟುದು ಒಂದು ಸೆಂಟಿಮೀಟರನ್ನು ಮಾತ್ರ. ವೇಗದ ಈ ಏರಿಳಿತವನ್ನೇ ಅರ್ಧಕ್ಕೆ ಇಳಿಸಿದರೆ ಹಳೆಯ ತೋಳಿನಲ್ಲಿಯೇ 6 ಸೆಂಟಿಮೀಟರಿಗೂ ಮಿಕ್ಕ ಲಾಭ.

ಹಾಗಾದರೆ ಈ ಅರ್ಧ ಮೀಟರಿನ ಏರಿಳಿತ ಎಲ್ಲಿಂದ ಬರುತ್ತದೆ? ಪೂರ್ಣ ಸೆಳೆತದ ಸ್ಥಾನದಲ್ಲಿ ಬಲವು 178 ನ್ಯೂಟನ್ ಇರುವಾಗ ಹೆದೆಯನ್ನು 4ರಿಂದ 5 ಮಿಲಿಮೀಟರ್ ಕಡಿಮೆ ಸೆಳೆದರೆ ಸಾಕು, ಕೂಡಿಟ್ಟ ಶಕ್ತಿಯಲ್ಲಿ ಸುಮಾರು 0.8 ಜೂಲ್ ಕೊರತೆಯಾಗಿ ವೇಗದಲ್ಲಿ ಅಷ್ಟು ತಗ್ಗುತ್ತದೆ. ಒಂದು ಅಕ್ಕಿಕಾಳಿನ ಉದ್ದದ ತಪ್ಪು! ಸೆಳೆತ ನಿಯತವಾದ ಅಳತೆಗೆ ಬಂದೊಡನೆ 'ಕ್ಲಿಕ್' ಎಂದು ಸದ್ದು ಮಾಡುವ ಪಟ್ಟಿಯನ್ನು ಹಿಡಿಗೆ ಅಳವಡಿಸುವುದು ಇದಕ್ಕಾಗಿಯೇ. ಕಲಿಯುವವನ ಕೈಯಲ್ಲಿ ಬಾಣ ಚೆದರುವುದಕ್ಕೆ ಮುಖ್ಯ ಕಾರಣ ತೋಳಿನ ವಯಸ್ಸಲ್ಲ, ಸೆಳೆತದ ಅನಿಯಮ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಹೊಸ ತೋಳಿನ ನಿಜವಾದ ಗುಣ

ಇಷ್ಟರಿಂದ ಹೊಸ ತೋಳು ನಿಷ್ಪ್ರಯೋಜಕವೆಂದು ವಾಚಕರು ತಿಳಿಯಬಾರದು. ಅದರ ಗುಣಗಳು ಮೂರು.

ಮೊದಲನೆಯದು, ಅದೇ ವೇಗಕ್ಕೆ ಕಡಿಮೆ ಶ್ರಮ. ನಮ್ಮ ಉದಾಹರಣೆಯ ಹಳೆಯ ತೋಳಿನಿಂದ 58.8 ಮೀಟರಿನ ವೇಗವನ್ನು ಪಡೆಯಬೇಕಾದರೆ ಅದನ್ನು 3 ಪೌಂಡು ಹೆಚ್ಚು ಬಿಗಿಯಾಗಿಸಬೇಕು. ಸ್ಪರ್ಧೆಯ ಮೊದಲ ಸುತ್ತಿನಲ್ಲಿ 72 ಬಾಣಗಳನ್ನು ಬಿಡಬೇಕಾಗುತ್ತದೆ. ಪ್ರತಿ ಬಾಣಕ್ಕೂ 3 ಪೌಂಡು ಹೆಚ್ಚಾಗಿ ಸೆಳೆದ ಭುಜವು ಕೊನೆಯ ಬಾಣಗಳ ವೇಳೆಗೆ ಆ ಭಾರವನ್ನು ಬಲ್ಲುದು.

ಎರಡನೆಯದು, ತಿರುಚಿಗೆ ಮಣಿಯದಿರುವಿಕೆ. ತೋಳಿನ ಮರುಬಾಗು ಆಳವಾದಷ್ಟೂ ಸೆಳೆತದ ಆದಿಯಲ್ಲಿಯೇ ಬಲ ಹೆಚ್ಚಿ ಕೂಡಿಡುವ ಶಕ್ತಿ ಹೆಚ್ಚುತ್ತದೆ, ಅಂತ್ಯದಲ್ಲಿ ಬಲವು ಒಮ್ಮೆಗೇ ಏರದೆ ಸೆಳೆತ ನಯವಾಗುತ್ತದೆ. ಆದರೆ ಅಂತಹ ತೋಳು ಪಕ್ಕಕ್ಕೆ ತಿರುಚಿಕೊಳ್ಳುವ ಸಂಭವವೂ ಹೆಚ್ಚು. ಓರೆಯಾಗಿ ಹೆಣೆದ ಕಾರ್ಬನ್ ಎಳೆಯು ಈ ತಿರುಚನ್ನು ತಡೆಯುತ್ತದೆ. ಉದ್ದಕ್ಕೆ ಮಾತ್ರ ಹಾಸಿದ ಗಾಜಿನ ಎಳೆಗೆ ಈ ಸಾಮರ್ಥ್ಯ ಅಲ್ಪ. ಬೆರಳು ಹೆದೆಯನ್ನು ಬಿಡುವಾಗ ಕೊಂಚ ಪಕ್ಕಕ್ಕೆ ಎಳೆದರೂ ಹೊಸ ತೋಳು ಆ ತಪ್ಪನ್ನು ಬಹುಮಟ್ಟಿಗೆ ಕ್ಷಮಿಸುವುದು ಈ ಕಾರಣದಿಂದ.

ಮೂರನೆಯದು, ತೇವದ ವಿಷಯದಲ್ಲಿ ನಿಶ್ಚಿಂತೆ. ಫೋಮ್ ತಿರುಳು ಮರದಂತೆ ನೀರನ್ನು ಹೀರುವುದಿಲ್ಲ.

ಕಾವೂರಿನ ಹವೆ ಮತ್ತು ಮರದ ತಿರುಳು

ಈ ಮೂರನೆಯ ಗುಣಕ್ಕೆ ಕಾವೂರಿನಲ್ಲಿ ಎಷ್ಟು ಬೆಲೆ? ಕೂಳೂರಿಗೂ ಬೋಂದೆಲಿಗೂ ನಡುವೆ, ಕಡಲಿಗೆ ಸಮೀಪವಾಗಿರುವ ಈ ಊರು ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆಯನ್ನು ಕಾಣುತ್ತದೆ. ಮಳೆಗಾಲದಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 90ರ ಆಸುಪಾಸಿನಲ್ಲಿರುವುದು ಸಾಮಾನ್ಯ. ಆರ್ದ್ರತೆ ಶೇಕಡ 65 ಇರುವಲ್ಲಿ ಬರಿಯ ಮರವು ತನ್ನ ಒಣ ತೂಕದ ಶೇಕಡ 12ರಷ್ಟು ನೀರನ್ನು ಹಿಡಿದಿಟ್ಟರೆ, ಶೇಕಡ 90 ಇರುವಲ್ಲಿ ಸುಮಾರು 20ರಷ್ಟನ್ನು ಹಿಡಿಯುತ್ತದೆ. ನೀರು ಹೆಚ್ಚಿದಂತೆ ಮರದ ಬಿಗುವು ಕುಂದುತ್ತದೆ.

ಆದರೆ ತೋಳಿನಲ್ಲಿ ಮರ ಇರುವುದು ತಿರುಳಿನ ಸ್ಥಾನದಲ್ಲಿ. ಬಾಗುವ ಪಟ್ಟಿಯ ಬಿಗುವಿಗೆ ಹೊರಮೈಯಲ್ಲಿರುವ ದ್ರವ್ಯವು ಮುಖ್ಯ, ನಡುವಿನದು ಗೌಣ. ತಿರುಳು ತೋಳಿನ ದಪ್ಪದ ಮೂರನೆಯ ಎರಡು ಪಾಲು ಎಂದೂ, ಗಾಜಿನ ಪದರದ ಸ್ಥಿತಿಸ್ಥಾಪಕ ಗುಣಾಂಕ 40, ಮರದ್ದು 12 ಗಿಗಾಪಾಸ್ಕಲ್ ಎಂದೂ ಇಟ್ಟುಕೊಂಡು ಎಣಿಸಿದರೆ ಇಡೀ ತೋಳಿನ ಬಿಗುವಿನಲ್ಲಿ ಮರದ ಪಾಲು ಶೇಕಡ 11 ಮಾತ್ರ. ತೇವದಿಂದ ಮರದ ಬಿಗುವು ಹತ್ತರಲ್ಲೊಂದು ಪಾಲು ಕುಂದಿದರೂ 40 ಪೌಂಡಿನ ಬಿಲ್ಲಿನಲ್ಲಿ ಆಗುವ ಇಳಿತ ಅರ್ಧ ಪೌಂಡಿಗೂ ಕಡಿಮೆ. ಮೇಲಾಗಿ ಗಾಜಿನ ಪದರವೂ ಬಣ್ಣದ ಲೇಪವೂ ನೀರನ್ನು ಬಹುಕಾಲ ತಡೆದಿರುತ್ತವೆ. ಆದುದರಿಂದ ತೇವದಿಂದ ಬಿಲ್ಲು ಮೆದುವಾದೀತೆಂಬ ಭಯಕ್ಕೆ ಹೆಚ್ಚು ಆಧಾರವಿಲ್ಲ.

ಭಯಪಡಬೇಕಾದುದು ಬೇರೆಡೆಗೆ. ಅಂಚಿನ ಲೇಪ ಎಲ್ಲಿಯಾದರೂ ಕಿತ್ತುಹೋಗಿದ್ದರೆ ಅಲ್ಲಿಂದ ನೀರು ಒಳಹೊಕ್ಕು ಮರ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಹಲವು ಮಳೆಗಾಲಗಳಲ್ಲಿ ಪದರಗಳ ನಡುವಿನ ಅಂಟು ಬಿಡತೊಡಗುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಲ್ಲನ್ನು ಬಿಟ್ಟರೆ ಕಾವಿನಿಂದ ಅಂಟು ಮೆದುವಾಗಿ ಇದೇ ಕೇಡು ಬೇಗನೆ ಒದಗುತ್ತದೆ. ಪದರ ಬಿಟ್ಟ ತೋಳು ಪೂರ್ಣ ಸೆಳೆತದಲ್ಲಿ ಒಡೆದರೆ ಬಿಲ್ಗಾರನ ಮುಖಕ್ಕೇ ಅಪಾಯ. ಹೀಗಾಗಿ ಹಳೆಯ ತೋಳಿನ ವಿಷಯದಲ್ಲಿ ವೇಗದ ಪ್ರಶ್ನೆಗಿಂತ ಸುರಕ್ಷಿತತೆಯ ಪ್ರಶ್ನೆ ಮುಂದಿನದು.

ಪರೀಕ್ಷಿಸುವ ಕ್ರಮ

ಹಳೆಯ ತೋಳನ್ನು ಬಳಸುವ ಮುನ್ನ ಹೀಗೆ ಪರೀಕ್ಷಿಸಬೇಕು. ಮೊದಲು ಹಗಲ ಬೆಳಕಿನಲ್ಲಿ ಅಂಚುಗಳನ್ನು ನೋಡಬೇಕು. ಚೂರು ಹತ್ತಿಯನ್ನು ಅಂಚಿನುದ್ದಕ್ಕೂ ಸವರಿದರೆ ಎದ್ದ ಎಳೆಗೆ ಅದು ಸಿಕ್ಕಿಕೊಳ್ಳುತ್ತದೆ. ಉದ್ದಕ್ಕೂ ಬಿಳಿಯ ಗೆರೆ ಕಂಡರೆ, ಉಗುರು ಹೊಗುವಂತಹ ಬಿರುಕಿದ್ದರೆ ಆ ತೋಳನ್ನು ಮತ್ತೆ ಸೆಳೆಯಲೇಬಾರದು. ಬಣ್ಣದ ಮೇಲ್ಪದರದಲ್ಲಿ ಮಾತ್ರ ಇರುವ ಕೂದಲೆಳೆಯ ಗೀರುಗಳು ಅಷ್ಟು ಭಯಂಕರವಲ್ಲ.

ಅನಂತರ ಹೆದೆಯೇರಿಸಿ ಹಿಂದಿನಿಂದ ನೋಡಬೇಕು. ಹೆದೆಯು ಎರಡು ತೋಳುಗಳ ನಡುಗೆರೆಯ ಮೇಲೆಯೇ ಹಾದುಹೋದರೆ ತೋಳು ನೇರವಾಗಿದೆ. ಒಂದು ತುದಿಯಲ್ಲಿ ಪಕ್ಕಕ್ಕೆ ಸರಿದಿದ್ದರೆ ಜೋಡಣೆಯನ್ನು ತಿದ್ದಿ ಮತ್ತೆ ನೋಡಬೇಕು. ಆಗಲೂ ಸರಿಯಾಗದಿದ್ದರೆ ತೋಳು ತಿರುಚಿದೆ. ಮೇಲಿನ ತೋಳಿನ ಬುಡದಿಂದ ಹೆದೆಗಿರುವ ದೂರವನ್ನೂ ಕೆಳಗಿನದರ ದೂರವನ್ನೂ ಅಳೆದು ಬರೆದಿಡಬೇಕು. ಇವೆರಡರ ಅಂತರ ವಾರದಿಂದ ವಾರಕ್ಕೆ ಬದಲಾಗುತ್ತಿದ್ದರೆ ಒಂದು ತೋಳು ಸೋಲುತ್ತಿದೆಯೆಂದು ಅರ್ಥ. ಎರಡೂ ಸಮನಾಗಿ ಸೋತರೆ ನಷ್ಟ ಅಲ್ಪ. ಒಂದು ಮಾತ್ರ ಸೋತರೆ ಬಿಲ್ಲೇ ಕೆಟ್ಟಂತೆ.

ಕೊನೆಯದಾಗಿ ಹೆದೆ. ಬಹಳ ಹಳೆಯ ತೋಳುಗಳನ್ನು ಹಿಗ್ಗುವ ಗುಣವುಳ್ಳ ಡೆಕ್ರಾನ್ ಹೆದೆಗೆಂದು ಮಾಡಲಾಗಿತ್ತು. ಇಂದಿನ ಹೆದೆಯ ನೂಲು ಹಿಗ್ಗದು. ಬಾಣ ಬಿಟ್ಟಾಗಿನ ಹೊಡೆತವನ್ನೆಲ್ಲ ತುದಿಗಳೇ ತಾಳಬೇಕಾಗುತ್ತದೆ. ತುದಿಯನ್ನು ಬಲಪಡಿಸಿರದ ಹಳೆಯ ತೋಳಿಗೆ ಹಳೆಯ ಜಾತಿಯ ಹೆದೆಯೇ ಕ್ಷೇಮ. ಬಾಣವಿಲ್ಲದೆ ಹೆದೆಯನ್ನು ಸೆಳೆದು ಬಿಡುವುದಂತೂ ಹಳತಕ್ಕೂ ಹೊಸತಕ್ಕೂ ಸಮಾನವಾಗಿ ಮಾರಕ.

ಉಪಸಂಹಾರ

ನಮ್ಮ ವಿದ್ಯಾರ್ಥಿನಿ ತಂದ ತೋಳುಗಳ ಅಂಚು ಭದ್ರವಾಗಿತ್ತು. ಹೆದೆ ನಡುಗೆರೆಯ ಮೇಲೆಯೇ ನಿಂತಿತು. ಮೇಲೆ ಬರೆದಿದ್ದುದು 36 ಪೌಂಡು. ಅವಳ ಸೆಳೆತದ ಅಳತೆಗೆ ತೂಗಿದಾಗ ತ್ರಾಸು 32ರ ಆಸುಪಾಸನ್ನು ತೋರಿಸಿತು. ಇದು ತೋಳಿನ ಸೋಲಲ್ಲ. ಅವಳ ಸೆಳೆತವು ನಿಯತಮಾನಕ್ಕಿಂತ ಎರಡಂಗುಲ ಕಿರಿದಾದುದರ ಫಲ. ಕಲಿಯುವ ಭುಜಕ್ಕೆ ಆ ತೂಕವೇ ಹಿತ. ಅವಳ ಪ್ರಶ್ನೆಗೆ ನಾವು ಕೊಟ್ಟ ಉತ್ತರವಿಷ್ಟು: ತೋಳು ಸುಸ್ಥಿತಿಯಲ್ಲಿರುವವರೆಗೆ ನಷ್ಟವು ಗುರಿಕಡ್ಡಿಯನ್ನು ಸರಿಸುವಷ್ಟರದು, ಕೈಯಲ್ಲಿರುವ ಹಣ ಒಂದು ಹೊಸ ಹೆದೆಗೂ ಸಮತೂಕದ ಬಾಣಗಳಿಗೂ ಸಲ್ಲಲಿ.

ಕಲಿಕೆಯ ಆರಂಭದಲ್ಲಿ ಭುಜದ ಬಲ ಬೆಳೆದಂತೆ ಎರಡೆರಡು ಪೌಂಡು ಏರಿಸುತ್ತ ತೋಳುಗಳನ್ನು ಪದೇಪದೇ ಬದಲಿಸಬೇಕಾಗುವುದು ಸಹಜ. ಆ ಅವಧಿಗೆ ಸುಸ್ಥಿತಿಯ ಹಳೆಯ ತೋಳುಗಳು ಕೈಯಿಂದ ಕೈಗೆ ಸಾಗುವುದೇ ಯುಕ್ತ. ಸೆಳೆತವು ಮಿಲಿಮೀಟರಿನ ಮಟ್ಟಿಗೆ ನಿಯತವಾದಾಗ, ಬಾಣಗಳು ಒಂದೆಡೆ ಗುಂಪಾಗಿ ನಾಟತೊಡಗಿದಾಗ, ಹೊಸ ತೋಳಿನ ಗುಣ ಅಂಕಗಳಾಗಿ ಮಾರ್ಪಡುತ್ತದೆ. ಅದಕ್ಕೆ ಮುನ್ನ ಅಲ್ಲ. ಈ ಮಳೆಗಾಲದ ಕೊನೆಯಲ್ಲಿ ಅವಳು ಆ ತೋಳುಗಳನ್ನು ಮತ್ತೆ ತಂದು ತೋರಿಸಬೇಕೆಂದು ಹೇಳಿದ್ದೇವೆ. ಆ ದಿನ ಮೊದಲು ನೋಡುವುದು ಅಂಚುಗಳನ್ನು. ತ್ರಾಸಿನ ಮುಳ್ಳನ್ನು ಆಮೇಲೆ.